ನಮ್ಮ ಆಲ್ಬಮ್ಮಿಗೆ ಪೇಟಿ ಬಂತು, ದೋಸ್ತ

ದೋಸ್ತ,

ಫೋನಿನಲ್ಲಿ ಹೇಳಿದರೆ ನಗುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಇಲ್ಲಿ ಬೈಯೋಕೆ ನಿನಗೆ ಸ್ವಲ್ಪ ಸಂಕೋಚ ಅಲ್ವಾ?

ಕಿರುಚಿ ಹಾಡೋ ನಮ್ಮ ಪಂಕ್ ಬ್ಯಾಂಡಿನ ಎರಡನೇ ಆಲ್ಬಮ್ಮಿನಲ್ಲಿ ಪೇಟಿ ಇದೆ. ಹೌದು, ಹಾರ್ಮೋನಿಯಂ. ಅಜ್ಜನ ಭಜನೆಯದು. ಮೊದಲ ಸಲ ತಿದಿ ಎಳೆದಾಗ ಒಳಗಿಂದ ಜಿರಳೆ ಬಂತು. ಒಂದು ಕೀ ಒತ್ತಿದರೆ ಅಲ್ಲೇ ಸಿಕ್ಕಿಕೊಂಡು ಕೂಗುತ್ತಲೇ ಇರುತ್ತದೆ, ಉಗುರಿನಿಂದ ಎತ್ತಬೇಕು. ನಮ್ಮ ಡ್ರಮ್ಮರ್ ಮಹಾಶಯನಿಗೆ ಅದೇ ಬೇಕಂತೆ.

ಮೊದಲ ಆಲ್ಬಮ್ 9 ಹಾಡು, 17 ನಿಮಿಷ. ಈಗ ಒಂದೇ ಹಾಡು 6 ನಿಮಿಷ! 'ಪಂಕ್ ಬಿಟ್ಟು ಭಜನೆ ಶುರು ಮಾಡಿದ್ರಾ' ಅಂದವರಿಗೆಲ್ಲ ನಾನು ವಕೀಲನ ಹಾಗೆ ಇಂಗ್ಲೆಂಡಿನ ವೈರ್ ಅನ್ನೋ ಪಂಕ್ ಬ್ಯಾಂಡಿನ ಕಥೆ ಹೇಳುತ್ತಿದ್ದೆ. 1977ರಲ್ಲಿ ಅವರ ಮೊದಲ ಆಲ್ಬಮ್, 35 ನಿಮಿಷದಲ್ಲಿ 21 ಹಾಡು. ಮರುವರ್ಷ ಎರಡನೆಯದು: ಹಾಡು ಕಮ್ಮಿ, ಉದ್ದ ಜಾಸ್ತಿ, ಜೊತೆಗೆ ಕೀಬೋರ್ಡ್. ಬೆಳೆಯೋದು ಅಂದ್ರೆ ಇದೇ ಅಂತ ವಾದ.

ಹೋದ ವಾರ ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ಪ್ರಾಕ್ಟೀಸ್ ನಡುವೆ ಕರೆಂಟ್ ಹೋಯಿತು. ಗಿಟಾರು, ಮೈಕು ಎಲ್ಲ ಸತ್ತವು. ಪೇಟಿ ಮಾತ್ರ ನಿಲ್ಲಲಿಲ್ಲ. ನಾನೂ ಹಾಡುತ್ತಿದ್ದೆ, ಬರಿ ಗಂಟಲಲ್ಲಿ. ಶ್ರುತಿ ಎಲ್ಲೋ, ನಾನೆಲ್ಲೋ. ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಕಿರುಚಿದರೆ ಶ್ರುತಿ ತಪ್ಪಿದ್ದು ಗೊತ್ತಾಗೋದಿಲ್ಲ, ಅಷ್ಟೇ ಕಣೋ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ ಹಾಡಿದ ಊರಲ್ಲಿ ಶ್ರುತಿ ಬಾರದ ಹುಡುಗ ಪಂಕ್ ಅಲ್ಲದೆ ಇನ್ನೇನು ಮಾಡಬೇಕು?

ಸಂಗೀತದ ಕ್ಲಾಸಿಗೆ ನಾನೇ ಕೈಮುಗಿದು ಬಂದೆ ಅಂತ ನಿನಗೆ ಹೇಳಿದ್ದೆನಲ್ಲ, ಸುಳ್ಳು. ಬರಬೇಡ ಅಂದದ್ದು ಮೇಷ್ಟ್ರು. ಆಗ ನನಗೆ ಹನ್ನೊಂದು. ಎರಡು ತಿಂಗಳು ಅವ್ವ ಕೊಟ್ಟ ಫೀಸು ಜೇಬಲ್ಲಿಟ್ಟುಕೊಂಡು ಉಣಕಲ್ ಕೆರೆ ದಂಡೆಯ ಮೇಲೆ ಕೂತಿರುತ್ತಿದ್ದೆ. ಗಂಟೆ ನೋಡಿ ಎದ್ದು ಮನೆಗೆ ಹೋಗಿ, ಇವತ್ತು ಭೂಪ ರಾಗ ಮುಗೀತು ಅನ್ನುತ್ತಿದ್ದೆ. ಒಂದು ಸಲ ಅವ್ವ ಹಾಡು ನೋಡೋಣ ಅಂದಳು. ಗಂಟಲು ನೋವು ಅಂದೆ. ಅರಿಶಿನ ಹಾಕಿ ಹಾಲು ಕಾಯಿಸಿ ಕೊಟ್ಟಳು.

ಇಷ್ಟೆಲ್ಲ ಬರೆಯಬೇಕು ಅಂತ ಇರಲಿಲ್ಲ. ಅವ್ವ ಈಗ ಫೋನ್ ಹಿಡಿದೇ ಕೂತಿರ್ತಾಳೆ, ಬಡ್ಡಿ ಸಮೇತ ಫೀಸು ಕೇಳಿದರೆ ಅರ್ಧ ನಿನ್ನದು. ಆ ದುಡ್ಡಿನ ಮಿರ್ಚಿ ತಿಂದವರಲ್ಲಿ ನೀನೂ ಇದ್ದೆ.

ದೀಪಾವಳಿಗೆ ಬರುವಾಗ ಗಿಟಾರ್ ತಂತಿ ತಾ. ಮತ್ತೆ ಕಾಮೆಂಟಿನಲ್ಲಿ ಆ ನವಲಗುಂದದ ಬಸ್ಸಿನ ವಿಷಯ ಎತ್ತಿದರೆ ನೋಡು.

ನಿನ್ನ,
ಬೇಸುರ