ಕೆಂಪು ನಕ್ಷತ್ರ ಹಾಕುವ ಮುಂಚೆ

ಪ್ರೀತಿಯ ಗೆಳೆಯಾ,

ಸಮ್ಮೇಳನದ ನೋಂದಣಿ ಮತ್ತು ಹಣ, ಎರಡೂ ನಿನ್ನ ಕೊರಳಿಗೇ ಬಿದ್ದಿದೆಯಂತೆ. "ಒಂದು ಫಾರ್ಮ್ ಹಾಕಿ ಕೆಳಗೆ ಖಾತೆ ನಂಬರ್ ಕೊಟ್ಟರೆ ಆಯ್ತಲ್ಲ?" ಅಂತ ಕೇಳಿದ್ದೀಯ. ಆಗಲ್ಲ ಕಣೋ. ಉತ್ತರವನ್ನ ಎಲ್ಲರಿಗೂ ಕಾಣೋ ಹಾಗೆ ಬರೀತಿದ್ದೀನಿ. ಸಮಿತಿ ಸಭೆಗೆ ತಡವಾಗಿ ಹೋದ ತಪ್ಪಿಗೆ ಇದೇ ಕೆಲಸ ಸಿಕ್ಕವರು ಇನ್ನೂ ಇರ್ತಾರೆ. ನೀನು ಮಾತ್ರ ನಮ್ಮಿಬ್ಬರಿಗೇ ಗೊತ್ತಿರುವ ಆ ಮೂರನೇ ಛತ್ರಿ ನೆನಪಿಟ್ಟುಕೊಂಡು ಓದು.

ಕಂಪ್ಯೂಟರ್ ಮುಟ್ಟುವ ಮೊದಲು ಶುಲ್ಕದ ಪಟ್ಟಿ ಕಾಗದದ ಮೇಲೆ ಬರಲಿ. ವಿದ್ಯಾರ್ಥಿ, ಅಧ್ಯಾಪಕ, ಉದ್ಯಮದವರು ಅಂತ ಮೂರು. ಸದಸ್ಯರು, ಸದಸ್ಯರಲ್ಲದವರು ಅಂತ ಎರಡು. ಮುಂಗಡ ದರ, ತಡವಾದ ದರ. ಖುದ್ದಾಗಿ ಬರುವವರು, ಆನ್‌ಲೈನ್‌ನವರು. ಗುಣಿಸಿ ನೋಡು, 24 ದರ ಆಯ್ತು. ಪ್ರತಿಯೊಂದನ್ನೂ ಒಂದೊಂದು ಸಲ ಕಟ್ಟಿ ಪರೀಕ್ಷಿಸಬೇಕಾದವನು ನೀನೇ. ಆನ್‌ಲೈನ್‌ಗೆ ಒಂದೇ ದರ ಅಂದರೆ 13ಕ್ಕೆ ಇಳಿಯುತ್ತೆ. ಸಮಿತಿ ಜೊತೆ ಜಗಳ ಆಡೋದಿದ್ದರೆ ಇಲ್ಲೇ ಆಡಿ ಮುಗಿಸು.

ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್‌ನಲ್ಲಿ ಹಣ ವಸೂಲಿ ಮಾಡಿಕೊಡುವ ಸೇವೆ, ಅದರ ಖಾತೆಗೆ ಇವತ್ತೇ ಅರ್ಜಿ ಹಾಕು, ಸಂಸ್ಥೆಯ ಹೆಸರಲ್ಲಿ. ದಾಖಲೆ ಪರಿಶೀಲನೆಗೆ ವಾರಗಳೇ ಹಿಡಿಯಬಹುದು. ರಿಫಂಡ್ ನಿಯಮದ ಪುಟ, ಸಂಪರ್ಕದ ಪುಟ ವೆಬ್‌ಸೈಟಿನಲ್ಲಿ ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿಬಿಡ್ತಾರೆ. ಕಾರ್ಡ್ ನಂಬರನ್ನ ನಿನ್ನ ಫಾರ್ಮಿನಲ್ಲಿ ಯಾವ ಕಾರಣಕ್ಕೂ ಕೇಳಬೇಡ, ಅದು ಗೇಟ್‌ವೇಯವರ ಪುಟದಲ್ಲೇ ತುಂಬಿಸುವಂಥದ್ದು. ಇನ್ನೊಂದು ಹೊಂಡ ಇದೆ: ಎಷ್ಟೋ ಗೇಟ್‌ವೇಗಳು ಮೊತ್ತವನ್ನ ಹಣದ ಅತಿ ಚಿಕ್ಕ ಘಟಕದಲ್ಲಿ, ರೂಪಾಯಿಗಾದರೆ ಪೈಸೆಯಲ್ಲಿ, ಕೇಳ್ತವೆ. 5000 ಅಂತ ಕಳಿಸಿದರೆ 50 ಅಂತ ಓದಿಕೊಂಡು ಅಷ್ಟೇ ವಸೂಲಿ ಮಾಡ್ತವೆ. ಹಾಗಂತ ಎಲ್ಲವನ್ನೂ ನೂರರಿಂದ ಗುಣಿಸಿಬಿಡಬೇಡ. ಜಪಾನಿನ ಯೆನ್‌ಗೆ ದಶಮಾಂಶವೇ ಇಲ್ಲ, ಕುವೈತ್ ದಿನಾರ್‌ಗೆ ಮೂರು ಸ್ಥಾನ.

ಕೊನೆ ದಿನಾಂಕ "15ರ ಮಧ್ಯರಾತ್ರಿ" ಅಂತ ಬರೆದರೆ ಅದು 15ರ ಆರಂಭವೋ ಅಂತ್ಯವೋ ಯಾರಿಗೂ ಗೊತ್ತಾಗಲ್ಲ. 23:59 ಅಂತ ಬರಿ, ಪಕ್ಕದಲ್ಲಿ ಸಮಯ ವಲಯ ಬರಿ. 23:50ಕ್ಕೆ ಪುಟ ತೆರೆದವನು 00:05ಕ್ಕೆ ಕಟ್ಟಿದರೆ ಯಾವ ದರ? ಆರ್ಡರ್ (ಕಟ್ಟೋಕೆ ಮುಂಚೆ ಅವನ ಹೆಸರಲ್ಲಿ ಹುಟ್ಟುವ ಪಾವತಿ ದಾಖಲೆ) ಹುಟ್ಟಿದ ಹೊತ್ತಿನ ದರ, ಅದಕ್ಕೆ ಅರ್ಧ ಗಂಟೆ ಆಯುಷ್ಯ. ಕಾರ್ಯಾಗಾರದ ಸೀಟಿಗೂ ಇದೇ ಲೆಕ್ಕ.

ಈಗ ತಲೆನೋವಿಗೆ ಬರ್ತೀನಿ. ನಿನ್ನ ಶೀಟಿನಲ್ಲಿ ಮೂರು ಥರದ ತೊಂದರೆ ಸಾಲುಗಳು ಇರ್ತವೆ.

ಮೊದಲನೆಯದು, ಹಣ ಬಂದಿದೆ, ಮನುಷ್ಯ ಇಲ್ಲ. "ಪಾವತಿ ಯಶಸ್ವಿ" ಅನ್ನೋ ಪುಟ ತೆರೆದಾಗ ಮಾತ್ರ ನೋಂದಣಿ ಖಚಿತ ಮಾಡುವ ಹಾಗೆ ಇಟ್ಟರೆ ಹೀಗಾಗುತ್ತೆ. ಬ್ಯಾಂಕಿನ ಓಟಿಪಿ ಹಾಕಿದ ಮೇಲೆ ಬ್ರೌಸರ್ ಮುಚ್ಚಿದವರು, ನೆಟ್‌ವರ್ಕ್ ಹೋದವರು ಆ ಪುಟ ನೋಡೋದೇ ಇಲ್ಲ. ನಂಬಬೇಕಾದ್ದು ಗೇಟ್‌ವೇ ನಿನ್ನ ಸರ್ವರ್‌ಗೆ ನೇರವಾಗಿ ಕಳಿಸುವ ವೆಬ್‌ಹುಕ್ ಸಂದೇಶವನ್ನ. ಅದು ಗೇಟ್‌ವೇಯಿಂದಲೇ ಬಂದದ್ದಾ ಅಂತ ಅದರ ಡಿಜಿಟಲ್ ಸಹಿ ಪರಿಶೀಲಿಸು. ಒಂದೇ ಸಂದೇಶ ಎರಡು ಮೂರು ಸಲ ಬರಬಹುದು, ಅದಕ್ಕೆ ಪೇಮೆಂಟ್ ಐಡಿ ಒಂದು ಸಲಕ್ಕಿಂತ ಹೆಚ್ಚು ದಾಖಲಾಗದಂತೆ ಕಟ್ಟಿಹಾಕು. ಇಲ್ಲದಿದ್ದರೆ ಒಬ್ಬನಿಗೇ ಮೂರು ರಸೀದಿ. ಬ್ಯಾಂಕ್ ವರ್ಗಾವಣೆಯದ್ದು ಇನ್ನೂ ಚೆಂದ: ಕಳಿಸಿದವರ ಜಾಗದಲ್ಲಿ ಯಾವುದೋ ವಿಶ್ವವಿದ್ಯಾಲಯದ ಹಣಕಾಸು ಕಚೇರಿ, ಮೊತ್ತದಲ್ಲಿ ಮಧ್ಯದ ಬ್ಯಾಂಕು ಹಿಡಿದುಕೊಂಡಷ್ಟು ಕಡಿಮೆ. ಪಾವತಿಗೆ ಮೊದಲೇ ನೋಂದಣಿ ಸಂಖ್ಯೆ ಕೊಟ್ಟು, ಅದನ್ನ ವಿವರದ ಜಾಗದಲ್ಲಿ ಬರೆಯಿರಿ, ಬ್ಯಾಂಕ್ ಖರ್ಚು ನಿಮ್ಮದೇ ಅಂತ ದೊಡ್ಡ ಅಕ್ಷರದಲ್ಲಿ ಹಾಕು. ಆದರೂ ಬರೆಯಲ್ಲ, ಅದು ಬೇರೆ ಮಾತು.

ಎರಡನೆಯದು, ಮನುಷ್ಯ ಇದ್ದಾನೆ, ಹಣ ಇಲ್ಲ. ಇದು ಸುಲಭ. ಒಂದು ದಿನ ಬಿಟ್ಟು ಅದೇ ಆರ್ಡರ್‌ನ ಲಿಂಕ್ ಮತ್ತೆ ಕಳಿಸು. ಹೊಸದಾಗಿ ಫಾರ್ಮ್ ತುಂಬಿಸಬೇಡ.

ಮೂರನೆಯದು ಅರ್ಧ ತುಂಬಿ ಬಿಟ್ಟ ಫಾರ್ಮ್. ಪುಟಪುಟಕ್ಕೂ ಕರಡು ಉಳಿಸಿದರೆ ಎಲ್ಲಿ ನಿಂತರು ಅಂತ ಕಾಣುತ್ತೆ. ನಿಲ್ಲೋದು ಹಣದ ಹತ್ತಿರ ಅಂದುಕೊಂಡಿದ್ದೆ. ಅದಕ್ಕಿಂತ ಮೊದಲೇ, ತುಂಬಲೇಬೇಕು ಅಂತ ಹಾಕುವ ಕೆಂಪು ನಕ್ಷತ್ರದ ಹತ್ತಿರ ನಿಲ್ತಾರೆ. "ಸಂಸ್ಥೆ*" ಅನ್ನುವಲ್ಲಿ ಕೆಲಸ ಬಿಟ್ಟವರು, ಸ್ವಂತವಾಗಿ ಸಂಶೋಧನೆ ಮಾಡುವವರು. "ಕುಟುಂಬದ ಹೆಸರು*" ಅನ್ನುವಲ್ಲಿ ಒಂದೇ ಹೆಸರಿನವರು. ಅವರಲ್ಲಿ ಕೆಲವರು ಒಂದು ಚುಕ್ಕೆ ಒತ್ತಿ ಮುಂದೆ ಹೋಗ್ತಾರೆ, ಬ್ಯಾಡ್ಜಿನ ಮೇಲೂ ಚುಕ್ಕೆಯೇ ಅಚ್ಚಾಗುತ್ತೆ. ಇನ್ನು "ಶುಲ್ಕ ವಿನಾಯಿತಿಗೆ ವಿಭಾಗ ಮುಖ್ಯಸ್ಥರ ಪತ್ರ*". ನನ್ನ ಹತ್ತಿರ ದುಡ್ಡಿಲ್ಲ ಅಂತ ಬರೆದುಕೊಡಿ ಸಾರ್ ಅಂತ ಮೇಲಿನವರ ಮುಂದೆ ಹೋಗಿ ನಿಲ್ಲಬೇಕು. ಎಷ್ಟು ಜನ ನಿಲ್ತಾರೆ ಹೇಳು?

ಆ ನಕ್ಷತ್ರಗಳನ್ನ ನಾನು ಯಾಕೆ ಹಾಕ್ತೀನಿ ಅಂದರೆ, ಶೀಟಿನಲ್ಲಿ ಖಾಲಿ ಕೋಶ ಕಂಡರೆ ನನಗೆ ತಡೆಯೋಕಾಗಲ್ಲ, ಅಷ್ಟೇ. ಹಣ ಕಟ್ಟಿಯೂ ರಸೀದಿ ಬರದವನು ಬೈದು ಮೇಲ್ ಹಾಕ್ತಾನೆ. ಇವರು ಹಾಕಲ್ಲ. ನಾನು ಅದನ್ನ "ದೂರು ಸೊನ್ನೆ" ಅಂತ ವರದಿಯಲ್ಲಿ ಬರೆದುಕೊಂಡು ಬೆನ್ನು ತಟ್ಟಿಕೊಳ್ಳೋನು. ಈಚೆಗೆ ಆ ಸೊನ್ನೆ ನೋಡಿದರೆ ಒಂಥರಾ ಆಗುತ್ತೆ ಕಣೋ. ಅದರೊಳಗೆ ಯಾರು ಯಾರು ಇದ್ದಾರೋ.

ಸರಿ, ಸಾಕು. ಗೇಟ್‌ವೇ ವಿಷಯ ಬರೆಯೋಕೆ ಕೂತವನು ನಮ್ಮ ಕನ್ನಡಕದ ಮೇಷ್ಟ್ರ ಥರ ಎಲ್ಲಿಗೋ ಹೋದೆ. ಮಾಡಬೇಕಾದ್ದು ಇಷ್ಟು: ಹೆಸರಿಗೆ ಒಂದೇ ಜಾಗ, ಬ್ಯಾಡ್ಜಿಗೆ ಬೇಕಾದ ಹೆಸರು ಬೇರೆ, ರಸೀದಿಯದ್ದು ಬೇರೆ. ಸಂಸ್ಥೆಗೆ ನಕ್ಷತ್ರ ಬೇಡ. ವಿನಾಯಿತಿ ಕೇಳಿದವರಿಗೆ ಪೂರ್ತಿ ರಿಯಾಯಿತಿಯ ಕೂಪನ್ ಕೊಡು, ಆದರೆ ಮೊತ್ತ ಸೊನ್ನೆಯಾದಾಗ ಗೇಟ್‌ವೇಗೆ ಕಳಿಸಬೇಡ. ಸೊನ್ನೆ ಮೊತ್ತವನ್ನ ಅದು ಸಾಮಾನ್ಯವಾಗಿ ತಿರಸ್ಕರಿಸುತ್ತೆ, ಪಾಪ ಅವರಿಗೆ "ಪಾವತಿ ವಿಫಲ" ಅಂತ ಕೆಂಪಕ್ಷರದಲ್ಲಿ ತೋರಿಸುತ್ತೆ. ನೇರವಾಗಿ ಖಚಿತ ಮಾಡಿ ಎಲ್ಲರಿಗೂ ಹೋಗುವ ಇಮೇಲನ್ನೇ ಕಳಿಸು. ಸಮ್ಮೇಳನ ಮುಗಿದ ಮೇಲೆ ಆ ಅರ್ಧ ಕರಡುಗಳನ್ನ ಅಳಿಸಿಹಾಕು.

ಮತ್ತೆ, ಪರೀಕ್ಷೆಗೆ ಅಂತ ಹಾಕುವ ನಮೂನೆ ನೋಂದಣಿಗಳಲ್ಲಿ ನಮ್ಮ ಆ ಹಳೇ ತಮಾಷೆ ಹೆಸರು ಹಾಕಬೇಡ ಮಾರಾಯ. ಅಳಿಸೋದು ಮರೆತರೆ ಅದಕ್ಕೂ ಬ್ಯಾಡ್ಜ್ ಅಚ್ಚಾಗಿ, ದಾರ ಕಟ್ಟಿಸಿಕೊಂಡು, ನೋಂದಣಿ ಮೇಜಿನ ಮೇಲೆ ಎಲ್ಲರೆದುರು ಕೂತಿರುತ್ತೆ.

ಇಂತಿ ನಿನ್ನ,
ಛತ್ರಿ