ಎಚ್‌ಐವಿ: ವರದಿ ಕೈಗೆ ಬಂದವರು ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಡಿಸೆಂಬರ್ 1 ವಿಶ್ವ ಏಡ್ಸ್ ದಿನ. ಆ ದಿನ ಪತ್ರಿಕೆಗಳಲ್ಲಿ ಎಚ್‌ಐವಿ ಬಗ್ಗೆ ಲೇಖನ ಇದ್ದೇ ಇರುತ್ತದೆ. ಸೋಂಕಿತರು ಎಷ್ಟು ಜನ, ಹೇಗೆ ಹರಡುತ್ತದೆ, ಜೊತೆಗೆ ಕೆಂಪು ರಿಬ್ಬನ್ನಿನ ಚಿತ್ರ. ಆದರೆ ನಿನ್ನೆ ಸಂಜೆಯಷ್ಟೇ ‘ಪಾಸಿಟಿವ್’ ಅಂತ ವರದಿ ಪಡೆದವರು ಇವತ್ತು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮಾತ್ರ ಅದರಲ್ಲಿ ಎಲ್ಲೂ ಸಿಗುವುದಿಲ್ಲ.

ನಾನು ಸೋಂಕಿತರ ಬೆಂಬಲ ಗುಂಪೊಂದರಲ್ಲಿ ಕೆಲಸ ಮಾಡುತ್ತೇನೆ. ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಇಂಟರ್ನೆಟ್‌ನಲ್ಲಿ ಹುಡುಕಿ, ಹೆದರಿಕೊಂಡೇ ಬಂದಿರುತ್ತಾರೆ. ಒಬ್ಬ ಹೆಣ್ಣುಮಗಳು ಮಗನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಓದಿದ್ದನ್ನೆಲ್ಲ ಬರೆದುಕೊಂಡು ತಂದಿದ್ದರು. ‘ಸಿಡಿ4 ಎಣಿಕೆ 350ಕ್ಕಿಂತ ಕೆಳಗಿಳಿದರೆ ಮಾತ್ರೆ ಶುರು’ ಅನ್ನುವ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಸಿಡಿ4 ಅಂದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು. ಅವರ ಎಣಿಕೆ ಅದಕ್ಕಿಂತ ಜಾಸ್ತಿ ಇತ್ತು. ಹಾಗಾಗಿ ಮತ್ತೆ ಆಸ್ಪತ್ರೆ ಕಡೆ ಹೋಗದೆ ಸುಮ್ನೆ ಕಾಯುತ್ತಿದ್ದರು. ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಚಿಕಿತ್ಸೆ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಅವರು ಮೊಬೈಲ್‌ನಲ್ಲಿ ತೋರಿಸಿದ ಪುಟ ಯಾವ ಕಾಲದ್ದೋ. ಅದರಲ್ಲಿ ದಿನಾಂಕವೇ ಇರಲಿಲ್ಲ.

ಹಳೆಯದರ ಜೊತೆ ಸುಳ್ಳೂ ಧಾರಾಳವಾಗಿ ಸಿಗುತ್ತದೆ. ‘ಪೂರ್ತಿ ಗುಣ, ಗ್ಯಾರಂಟಿ’ ಅನ್ನುವ ಜಾಹೀರಾತು ನಂಬಿ ಎಆರ್‌ಟಿ ಮಾತ್ರೆ (ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧ) ಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಅಂಥ ಜಾಹೀರಾತು ಹಾಕಬೇಡಿ. ಎಚ್‌ಐವಿಯನ್ನು ದೇಹದಿಂದ ಪೂರ್ತಿ ತೆಗೆದುಹಾಕುವ ಮಾತ್ರೆ ಇನ್ನೂ ಬಂದಿಲ್ಲ. ಆದರೆ ದಿನವೂ ತಪ್ಪದೆ ಎಆರ್‌ಟಿ ತೆಗೆದುಕೊಂಡು, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆಯಲ್ಲಿ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ತಾಯಿಯಿಂದ ಮಗುವಿಗೆ ತಗಲುವ ಸಾಧ್ಯತೆ ಚಿಕಿತ್ಸೆ ಇಲ್ಲದಿದ್ದರೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಇದನ್ನು ಕೇಳಿದ ಮೇಲೆಯೇ ಎಷ್ಟೋ ಜನ ಮುಂದಿನ ವರ್ಷದ ಬಗ್ಗೆ ಮಾತು ತೆಗೆಯುತ್ತಾರೆ.

ಅದಕ್ಕೇ ಒಂದು ಕೋರಿಕೆ. ಎಚ್‌ಐವಿ ಕುರಿತ ಸುದ್ದಿ ಯಾವಾಗ ಬಂದರೂ ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಹಾಕಿ. ಪರೀಕ್ಷೆ ಎಲ್ಲಿ ಮಾಡುತ್ತಾರೆ, ಮಾತ್ರೆ ಎಲ್ಲಿ ಕೊಡುತ್ತಾರೆ, ಸಹಾಯವಾಣಿ ಸಂಖ್ಯೆ ಏನು, ಹೆಸರು ಗುಟ್ಟಾಗಿ ಇಡುತ್ತಾರಾ, ಇಷ್ಟಿರಲಿ. ಅಚ್ಚಿಗೆ ಹೋಗುವ ಮೊದಲು ಆ ಸಂಖ್ಯೆಗೆ ನೀವೇ ಒಮ್ಮೆ ಫೋನ್ ಮಾಡಿ ನೋಡಿ. ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿಕೊಂಡು ಮಾಡಿದ ಮೊದಲ ಕರೆಗೇ ‘ಈ ಸಂಖ್ಯೆ ಚಾಲ್ತಿಯಲ್ಲಿಲ್ಲ’ ಅಂತ ಬಂದರೆ, ಎಷ್ಟು ಜನ ಇನ್ನೊಂದು ಕರೆ ಮಾಡುತ್ತಾರೆ ಹೇಳಿ.

ಸೋಂಕು ತಡೆಯಲು ಕೊಡುವ ‘ಪೆಪ್’ ಮಾತ್ರೆ ಬಗ್ಗೆ ದಪ್ಪಕ್ಷರದಲ್ಲೇ ಹಾಕಿ. ಬಳಸಿದ ಸೂಜಿ ಚುಚ್ಚಿಯೋ, ಕಾಂಡೋಮ್ ಹರಿದೋ, ಅತ್ಯಾಚಾರವಾಗಿಯೋ ಸೋಂಕು ತಗಲಿರಬಹುದು ಅನ್ನಿಸಿದರೆ ಈ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತೆಗೆದುಕೊಳ್ಳಬೇಕು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇದು ಮೊದಲೇ ಗೊತ್ತಿದ್ದರೆ ಮಾತ್ರ ಉಪಯೋಗ, ಅಲ್ವಾ?

ಮನೆಯವರನ್ನೂ ಮರೆಯಬೇಡಿ. ಮಗನಿಗೆ ಸೋಂಕು ಇದೆ ಅಂತ ಗೊತ್ತಾದ ತಾಯಿ ಯಾರಿಗೂ ಹೇಳುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿರುತ್ತಾರೆ. ತಟ್ಟೆ ಬೇರೆ ಇಡಬೇಕಾ, ಬಟ್ಟೆ ಒಟ್ಟಿಗೆ ಒಗೆಯಬಹುದಾ ಅಂತ ಅವರು ಯಾರ ಹತ್ತಿರ ಕೇಳಬೇಕು? (ತಟ್ಟೆ ಬೇರೆ ಬೇಡ. ಬಟ್ಟೆ ಒಟ್ಟಿಗೇ ಒಗೆಯಬಹುದು.) ಬೆಂಬಲ ಗುಂಪುಗಳ ವಿಳಾಸ ಕೊಡುವಾಗ ಮನೆಯವರೂ ಬರಬಹುದು ಅಂತ ಒಂದು ಸಾಲು ಸೇರಿಸಿ. ಹತ್ತು ಹದಿನೈದು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಾ ಕೆಲಸ, ಸಂಸಾರ ನಡೆಸುತ್ತಿರುವವರು ಎದುರಿಗೆ ಕೂತು ಮಾತಾಡಿದರೆ ಬರುವ ಧೈರ್ಯವೇ ಬೇರೆ.

ಈ ಪಟ್ಟಿ ಮಾಡಿಕೊಡಲು, ಆಗಾಗ ಸಂಖ್ಯೆಗಳನ್ನು ನೋಡಿ ತಿದ್ದಿ ಕಳಿಸಲು ನಮ್ಮ ಗುಂಪಿನವರು ಸಿದ್ಧರಿದ್ದೇವೆ. ನೀವು ಜಾಗ ಕೊಟ್ಟರೆ ಸಾಕು.

ಇಂತಿ,
ನಿಮ್ಮ ಓದುಗ