ಪಾರಿವಾಳಕ್ಕೆ ಕಾಳು ಹಾಕುವ ಕುರಿತು ಬೈಲಾ ರೂಪಿಸಿ: ತುಮಕೂರು ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ನಮಸ್ಕಾರಗಳು.

ಸಾರ್ವಜನಿಕ ಸ್ಥಳಗಳಲ್ಲಿ ಪಾರಿವಾಳಗಳಿಗೆ ಕಾಳು ಹಾಕುವುದರ ಬಗ್ಗೆ ಪಾಲಿಕೆಯು ಸ್ಪಷ್ಟ ಬೈಲಾವೊಂದನ್ನು (ಉಪನಿಯಮ) ರೂಪಿಸಬೇಕೆಂದು ಕೋರುತ್ತೇನೆ. ಕಾಳು ಹಾಕುವವರನ್ನು ದೂರುವ ಹಕ್ಕು ನನಗೆ ಪೂರ್ತಿಯಾಗಿಲ್ಲ. ನಮ್ಮ ತಾರಸಿಯಲ್ಲಿ ದಿನವೂ ಒಂದು ಪಾವು ಜೋಳ ಚೆಲ್ಲುತ್ತಿದ್ದವನು ನಾನೇ. ಬರಬರುತ್ತಾ ಕಿಟಕಿಯ ಸಜ್ಜಾಗಳ ಮೇಲೂ ಸೋಲಾರ್ ಹೀಟರಿನ ಅಡಿಯಲ್ಲೂ ಗೂಡುಗಳಾದವು. ಒಣಗಿದ ಹಿಕ್ಕೆಯನ್ನು ನೀರು ಚಿಮುಕಿಸದೆ ಗುಡಿಸಿದ ದಿನ ಎದ್ದ ದೂಳಿಗೆ, ಮೊದಲೇ ಉಬ್ಬಸವಿದ್ದ ನಮ್ಮ ತಾಯಿ ವಾರವಿಡೀ ಕೆಮ್ಮಿದರು. ಆ ದೂಳು ಪದೇ ಪದೇ ಒಳಹೋದರೆ ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತವುಂಟಾಗಿ, ಕ್ರಮೇಣ ಶ್ವಾಸಕೋಶವೇ ಗಡುಸಾಗಬಹುದೆಂಬುದು ಆಗ ತಿಳಿಯಿತು.

ಮುಂಬಯಿಯಲ್ಲಿ 2025ರ ಜುಲೈನಲ್ಲಿ ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಸಾರ್ವಜನಿಕ ತಾಣಗಳನ್ನು, ಮುಚ್ಚಿಸಲಾಯಿತು. ನಿಷೇಧ ಮೀರಿ ಕಾಳು ಹಾಕಿದವರ ಮೇಲೆ ಪ್ರಕರಣ ದಾಖಲಿಸಲು ಬಾಂಬೆ ಹೈಕೋರ್ಟ್ ಸೂಚಿಸಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಆದರೆ ದಾದರ್‌ನ ಕಬೂತರ್‌ಖಾನೆಗೆ ಹೊದಿಸಿದ್ದ ಟಾರ್ಪಾಲನ್ನು ಜನರೇ ಕಿತ್ತೆಸೆದರು. ಭಾರತೀಯ ನ್ಯಾಯ ಸಂಹಿತೆಯ 270 ಮತ್ತು 271ನೇ ಕಲಂಗಳು ಸಾರ್ವಜನಿಕ ಉಪದ್ರವ ಹಾಗೂ ಸೋಂಕು ಹರಡುವ ನಿರ್ಲಕ್ಷ್ಯದ ಬಗ್ಗೆ ಹೇಳುತ್ತವೆ, ನಿಜ. ಆದರೆ ಪುಣ್ಯವೆಂದು ನಂಬಿ ಹಿಡಿ ಜೋಳ ಚೆಲ್ಲಿದ ಅಜ್ಜನ ಮೇಲೆ ಎಫ್‌ಐಆರ್ ಹಾಕುವುದು ಅತಿಯಾದೀತು. ಅಷ್ಟಕ್ಕೆ ಪಾಲಿಕೆಯ ದಂಡದ ರಸೀದಿಯೇ ಸಾಕು. ಆ ರಸೀದಿಗೆ ಬೈಲಾದ ಆಧಾರವಿರಬೇಕು.

ಹಕ್ಕಿಗಳನ್ನು ಹಿಡಿಸಿ ಸಾಗಿಸುವ ಟೆಂಡರ್ ಮಾತ್ರ ದಯವಿಟ್ಟು ಬೇಡ. ತಿನ್ನಲು ಸಿಗುವವರೆಗೆ ಒಂದು ಜೋಡಿ ವರ್ಷದಲ್ಲಿ ಹಲವು ಬಾರಿ ಎರಡೆರಡು ಮೊಟ್ಟೆ ಇಡುವುದರಿಂದ, ಖಾಲಿಯಾದ ಜಾಗ ಬೇಗನೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವು 1988ರಿಂದ ಕಾಳು ಹಾಕುವುದನ್ನು ಕಡಿಮೆ ಮಾಡುವಂತೆ ಜನರ ಮನವೊಲಿಸಿದಾಗ, ನಾಲ್ಕೈದು ವರ್ಷಗಳಲ್ಲಿ ಪಾರಿವಾಳಗಳ ಸಂಖ್ಯೆ ಅರ್ಧದಷ್ಟು ಇಳಿಯಿತು.

ಆದ್ದರಿಂದ ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರ ಅಡಿಯಲ್ಲಿ ಕರಡು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಿ. ಬಿ.ಎಚ್. ರಸ್ತೆಯಂತೆ ಆಸ್ಪತ್ರೆ, ಶಾಲೆ, ಹೋಟೆಲುಗಳು ಒತ್ತಾಗಿರುವ ಕಡೆಗಳಲ್ಲಿಯೂ ಕುಡಿಯುವ ನೀರಿನ ಟ್ಯಾಂಕುಗಳ ಬಳಿಯೂ ಕಾಳು ಹಾಕುವುದನ್ನು ಮೊದಲು ನಿಷೇಧಿಸಿ. ಉಳಿದೆಡೆ ಕಾಳನ್ನು ಒಮ್ಮೆಲೇ ನಿಲ್ಲಿಸದೆ ಕೆಲವು ತಿಂಗಳುಗಳಲ್ಲಿ ತಗ್ಗಿಸಿದರೆ, ಗೂಡಿನಲ್ಲಿರುವ ಮರಿಗಳು ಹಸಿದು ಸಾಯುವುದಿಲ್ಲ. ನಾನೂ ಹಾಗೆಯೇ ಪಾವಿನಿಂದ ಚಟಾಕಿಗೆ ಇಳಿಸಿ, ಕೊನೆಗೆ ನಿಲ್ಲಿಸಿದೆ.

ಇಂತಿ ತಮ್ಮ ವಿಶ್ವಾಸಿ,
ತುಮಕೂರಿನ ಒಬ್ಬ ನಿವಾಸಿ